ಹದಿಹರೆಯದವರಿಗೆ ಧರ್ಮಶಿಕ್ಷಣ: ಕಥೋಲಿಕ ಪ್ರೌಢಶಾಲೆಯ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಧರ್ಮಶಿಕ್ಷಣದ ಪೀರಿಯಡ್‌ಗೆ ಅಷ್ಟೇನೂ ಮರ್ಯಾದೆ ಇಲ್ಲ. ಗಣಿತದ ಹೋಂವರ್ಕ್ ಬಾಕಿ ಇದ್ದರೆ ಮಕ್ಕಳು ಅದನ್ನು ಮುಗಿಸುವುದು ಇದೇ ಪೀರಿಯಡ್‌ನಲ್ಲಿ. ಪರೀಕ್ಷೆ ಹತ್ತಿರ ಬಂದರೆ ಬೇರೆ ಶಿಕ್ಷಕರು ಕೇಳಿ ಪಡೆಯುವುದೂ ಇದನ್ನೇ. ಆದರೆ ಹದಿಮೂರರಿಂದ ಹದಿನೇಳು ವಯಸ್ಸಿನವರು ತಲೆಯಲ್ಲಿಟ್ಟುಕೊಂಡು ಓಡಾಡುವ ಕೆಲವು ಪ್ರಶ್ನೆಗಳಿಗೆ ಇಡೀ ವಾರದಲ್ಲಿ ಜಾಗ ಸಿಗುವುದು ಇಲ್ಲಿ ಮಾತ್ರ. ದೇವರು ನಿಜವಾಗಿ ಇದ್ದಾನಾ? ಇದ್ದರೆ ಅಜ್ಜಿ ಯಾಕೆ ಅಷ್ಟು ನರಳಿ ಸತ್ತರು? ನನ್ನ ಸ್ನೇಹಿತೆಯ ಧರ್ಮ ಬೇರೆ, ಹಾಗಾದರೆ ಅವಳಿಗೆ ಸ್ವರ್ಗ ಇಲ್ವಾ?

ಈ ಪೀರಿಯಡ್ ನಿಮ್ಮ ಪಾಲಿಗೆ ಬಂದಿದೆ ಅಂದರೆ ಈ ಬರಹ ನಿಮಗಾಗಿ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಧರ್ಮಸಭೆ (ಕಥೋಲಿಕ ಚರ್ಚ್) ಏನು ನಂಬುತ್ತದೆ, ಯಾಕೆ ನಂಬುತ್ತದೆ ಎಂಬುದನ್ನು ಮುಚ್ಚುಮರೆ ಇಲ್ಲದೆ, ಗಟ್ಟಿಯಾಗಿ ಕಲಿಸಿ. ನಂಬಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಮುಂದೆ ಬರುವ ಪ್ರತಿ ಹಂತವೂ ಈ ಮಾತಿನ ಮೇಲೇ ನಿಂತಿದೆ.

ಹಂತ 1: ಇದು ಯಾವ ತರಗತಿ ಅನ್ನುವುದನ್ನು ಖಚಿತ ಮಾಡಿಕೊಳ್ಳಿ

ಧರ್ಮಕೇಂದ್ರದಲ್ಲಿ (ಊರಿನ ಚರ್ಚಿನಲ್ಲಿ) ನಡೆಯುವ ಧರ್ಮೋಪದೇಶ ಬೇರೆ, ಶಾಲೆಯ ಧರ್ಮಶಿಕ್ಷಣ ಬೇರೆ. ವ್ಯಾಟಿಕನ್ನಿನ ಕಥೋಲಿಕ ಶಿಕ್ಷಣ ವಿಭಾಗ 1988ರಲ್ಲಿ ‘ಕಥೋಲಿಕ ಶಾಲೆಯಲ್ಲಿ ಶಿಕ್ಷಣದ ಧಾರ್ಮಿಕ ಆಯಾಮ’ ಎಂಬ ದಾಖಲೆ ಹೊರಡಿಸಿತು. ಈ ಎರಡರ ನಡುವಿನ ಗೆರೆಯನ್ನು ಆ ದಾಖಲೆಯೇ ಎಳೆದಿದೆ. ಧರ್ಮೋಪದೇಶಕ್ಕೆ ಬರುವವರು ಕ್ರಿಸ್ತನ ಸಂದೇಶವನ್ನು ಸ್ವೀಕರಿಸಲು ಮನಸ್ಸು ತೆರೆದವರು. ಅದು ವಿಶ್ವಾಸಿಗಳ ಸಮುದಾಯದೊಳಗೆ ಜೀವನಪೂರ್ತಿ ನಡೆಯುವಂಥದ್ದು. ಶಾಲೆಯ ಗುರಿ ತಿಳಿವಳಿಕೆ. 2020ರ ಧರ್ಮೋಪದೇಶ ನಿರ್ದೇಶಿಕೆ ಕೂಡ ಇದೇ ದಾರಿಯಲ್ಲಿ ನಡೆಯುತ್ತದೆ: ಎರಡೂ ಬೇರೆ ಬೇರೆ, ಆದರೆ ಒಂದಕ್ಕೊಂದು ನೆರವಾಗುತ್ತವೆ.

ಇದು ಬರೀ ಕಾಗದದ ಮಾತಲ್ಲ. ನಿಮ್ಮ ತರಗತಿಯಲ್ಲಿ ಪ್ರತಿ ವಾರ ಚರ್ಚಿನ ಬಲಿಪೂಜೆಗೆ (ಮಾಸ್‌ಗೆ) ಹೋಗುವವರಿರುತ್ತಾರೆ. ಜ್ಞಾನಸ್ನಾನ ಆದ ಮೇಲೆ ಚರ್ಚಿನ ಮುಖ ನೋಡದವರಿರುತ್ತಾರೆ. ಬೇರೆ ಧರ್ಮದವರು, ಯಾವ ಧರ್ಮವೂ ಬೇಡ ಅನ್ನುವವರೂ ಇರುತ್ತಾರೆ. ಎಲ್ಲರಿಗೂ ಒಂದೇ ನಂಬಿಕೆ ಇದೆ ಅಂದುಕೊಂಡು ಪಾಠ ಶುರು ಮಾಡಿದರೆ ಅರ್ಧ ತರಗತಿ ಮೊದಲ ಐದು ನಿಮಿಷದಲ್ಲೇ ಕಳಚಿಕೊಳ್ಳುತ್ತದೆ.

ಇದಕ್ಕೆ ಭಾಷೆಯಲ್ಲೇ ಒಂದು ಸುಲಭದ ಉಪಾಯ ಇದೆ. ಬೋರ್ಡ್ ಮೇಲೆ ‘ನಾವು ನಂಬುತ್ತೇವೆ’ ಅನ್ನುವ ಬದಲು ‘ಕಥೋಲಿಕರ ವಿಶ್ವಾಸ ಹೀಗಿದೆ’ ಅಂತ ಬರೆಯಿರಿ. ನಿಮ್ಮದೇ ಮಾತು ಹೇಳಬೇಕಾದಾಗ ‘ನಾನು ಇದನ್ನು ನಂಬುತ್ತೇನೆ, ಯಾಕೆಂದರೆ…’ ಅಂತ ನೇರವಾಗಿ ಹೇಳಿ. ಧರ್ಮಸಭೆಯ ಮಾತು ಯಾವುದು, ನಿಮ್ಮ ಮಾತು ಯಾವುದು ಎಂದು ಮಕ್ಕಳಿಗೆ ಗೊತ್ತಾಗಬೇಕು.

ಬಲವಂತದ ವಿಷಯದಲ್ಲಿ ಧರ್ಮಸಭೆಯ ಕಾನೂನು ಸ್ಪಷ್ಟವಾಗಿದೆ. 1983ರ ಕಾನೂನು ಸಂಹಿತೆಯ 748ನೇ ವಿಧಿಯ ಪ್ರಕಾರ ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕಥೋಲಿಕ ವಿಶ್ವಾಸಕ್ಕೆ ಒತ್ತಾಯಿಸುವಂತಿಲ್ಲ. ಜಗತ್ತಿನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಘೋಷಣೆಯ ತಿರುಳೂ ಇದೇ. ಹಾಗಾಗಿ ಒತ್ತಾಯ ಮಾಡದ ಶಿಕ್ಷಕ ಸಡಿಲ ಶಿಕ್ಷಕ ಅಂತ ಯಾರಾದರೂ ಅಂದರೆ ಈ ಎರಡು ಸಾಲು ತೋರಿಸಿ.

ಹಂತ 2: ನಿಮ್ಮ ಕಾಲ ಕೆಳಗಿನ ನೆಲ ಗಟ್ಟಿ ಮಾಡಿಕೊಳ್ಳಿ

ಧರ್ಮಶಿಕ್ಷಣದ ಶಿಕ್ಷಕರಲ್ಲಿ ಏನಿರಬೇಕು ಎಂಬುದಕ್ಕೆ ಅದೇ ಸಂಹಿತೆಯ 804ನೇ ವಿಧಿ ಮೂರು ವಿಷಯ ಹೇಳುತ್ತದೆ: ಸರಿಯಾದ ಬೋಧನೆ, ಕ್ರೈಸ್ತ ಬದುಕಿನ ಸಾಕ್ಷಿ, ಕಲಿಸುವ ಕೌಶಲ. ಮೂರರಲ್ಲಿ ಒಂದು ಕಡಿಮೆಯಾದರೂ ಮಕ್ಕಳು ಕಂಡುಹಿಡಿಯುತ್ತಾರೆ. ಎರಡನೆಯದನ್ನಂತೂ ಎಲ್ಲಕ್ಕಿಂತ ಬೇಗ. ಇಂದಿನ ಮನುಷ್ಯ ಬೋಧಕರಿಗಿಂತ ಸಾಕ್ಷಿಗಳ ಮಾತನ್ನು ಹೆಚ್ಚು ಕೇಳುತ್ತಾನೆ ಎಂದು ಪೋಪ್ ಆರನೇ ಪೌಲ್ 1975ರಲ್ಲೇ ಬರೆದಿದ್ದರು.

ಓದಿನ ವಿಷಯಕ್ಕೆ ಬಂದರೆ, 1992ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಮೇಜಿನ ಮೇಲಿರಲಿ. ಅದರಲ್ಲಿ 2865 ಪರಿಚ್ಛೇದಗಳಿವೆ. ಎಲ್ಲವನ್ನೂ ಒಂದೇ ಸಲ ಓದಲು ಹೊರಡಬೇಡಿ, ಸುಮ್ನೆ ಸುಸ್ತಾಗುತ್ತೀರಿ. ಅದರ ನಾಲ್ಕು ಭಾಗಗಳು ನೆನಪಿದ್ದರೆ ಸಾಕು: ವಿಶ್ವಾಸ ಪ್ರಮಾಣ, ಸಂಸ್ಕಾರಗಳು, ಕ್ರಿಸ್ತನಲ್ಲಿ ಬದುಕು, ಪ್ರಾರ್ಥನೆ. ಪಾಠಕ್ಕೆ ಬೇಕಾದ ಪುಟ ತೆರೆದು ಓದಿ. 2005ರ ಸಂಕ್ಷಿಪ್ತ ಆವೃತ್ತಿಯಲ್ಲಿ ಅದೇ ವಿಷಯ 598 ಪ್ರಶ್ನೋತ್ತರಗಳಲ್ಲಿದೆ. ಯುವಜನರಿಗೆಂದೇ 2011ರಲ್ಲಿ ಬಂದ ಯೂಕ್ಯಾಟ್ ಕೂಡ ಪ್ರಶ್ನೋತ್ತರದ ರೂಪದ್ದೇ. ಮಕ್ಕಳ ಕೈಗೆ ಕೊಡುವುದಾದರೆ ಅದನ್ನು ಕೊಡಿ.

ಇವೆಲ್ಲಕ್ಕಿಂತ ನಿಮಗೆ ಜಾಸ್ತಿ ಬೇಕಾಗುವ ಒಂದು ಜಾಣತನ ಇದೆ: ಧರ್ಮಸಭೆಯ ಎಲ್ಲ ಮಾತುಗಳಿಗೂ ಒಂದೇ ತೂಕ ಇಲ್ಲ ಅನ್ನುವುದು ಗೊತ್ತಿರುವುದು. ಹದಿಹರೆಯದವರು ಎಲ್ಲವನ್ನೂ ಕಲಸಿಯೇ ಕೇಳುತ್ತಾರೆ. ‘ಯೇಸು ಸತ್ತು ಎದ್ದದ್ದು ನಿಜಾನಾ? ಫಾದರ್‌ಗಳು ಯಾಕೆ ಮದುವೆ ಆಗಲ್ಲ? ಮಾತೆ ಮರಿಯ ಕಾಣಿಸಿಕೊಂಡಿದ್ದನ್ನು ನಂಬಲೇಬೇಕಾ?’ ಒಂದೇ ಉಸಿರಲ್ಲಿ ಮೂರು ಪ್ರಶ್ನೆ, ಮೂರರದ್ದೂ ಬೇರೆ ಬೇರೆ ಮಟ್ಟ. ಪುನರುತ್ಥಾನ ವಿಶ್ವಾಸದ ಬುಡ. ಅದಿಲ್ಲದೆ ಕ್ರೈಸ್ತ ಧರ್ಮವೇ ಇಲ್ಲ ಅಂತ ಸಂತ ಪೌಲರೇ ಕೊರಿಂಥದವರಿಗೆ ಬರೆದಿದ್ದಾರೆ. ಗುರುಗಳ ಬ್ರಹ್ಮಚರ್ಯ ಲ್ಯಾಟಿನ್ ಧರ್ಮಸಭೆಯ, ಅಂದರೆ ಕಥೋಲಿಕರ ಪಾಶ್ಚಾತ್ಯ ಶಾಖೆಯ, ಶಿಸ್ತು. ರೋಮ್ ಜೊತೆಗೇ ಇರುವ ಪೂರ್ವದ ಹಲವು ಧರ್ಮಸಭೆಗಳಲ್ಲಿ ಮದುವೆಯಾದವರೂ ಗುರುಗಳಾಗುತ್ತಾರೆ. ಇನ್ನು ದರ್ಶನಗಳು: ಧರ್ಮಸಭೆ ಮಾನ್ಯ ಮಾಡಿದ್ದರೂ ಅವು ‘ಖಾಸಗಿ ಪ್ರಕಟಣೆ’ಗಳು, ವಿಶ್ವಾಸದ ನಿಧಿಗೆ (ಎಲ್ಲರೂ ನಂಬಬೇಕಾದ ಮೂಲ ಬೋಧನೆಗೆ) ಸೇರಿದವಲ್ಲ ಎಂದು ಧರ್ಮೋಪದೇಶ ಗ್ರಂಥದ 67ನೇ ಪರಿಚ್ಛೇದ ಹೇಳುತ್ತದೆ.

ಈ ಮೂರು ಮಟ್ಟಗಳನ್ನು ಬೋರ್ಡ್ ಮೇಲೆ ಮೂರು ಕಾಲಂ ಮಾಡಿ ಬರೆಯಿರಿ, ವರ್ಷದ ಮೊದಲ ತಿಂಗಳಲ್ಲೇ. ಆಮೇಲೆ ಪ್ರಶ್ನೆ ಬಂದಾಗಲೆಲ್ಲ ‘ಇದು ಯಾವ ಕಾಲಂ?’ ಅಂತ ಅವರನ್ನೇ ಕೇಳಿ. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ. ಯಾವುದೋ ಒಂದು ಹರಕೆಯ ಬಗ್ಗೆ ಅನುಮಾನ ಬಂದದ್ದಕ್ಕೆ ಇಡೀ ವಿಶ್ವಾಸವನ್ನೇ ಬಿಡುವ ಹುಡುಗ, ಹುಡುಗಿಯರಿಗೆ ಇದು ಗೊತ್ತಿರಲೇಬೇಕು.

ಹಂತ 3: ತರಗತಿಯ ಮನಸ್ಸು ತಿಳಿದುಕೊಳ್ಳಿ

ಮೊದಲ ವಾರ ಪಠ್ಯ ಬೇಡ. ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ. ಹೆಸರು ಬರೆಯುವುದು ಬೇಡ. ‘ದೇವರು, ಧರ್ಮ, ಚರ್ಚ್, ಬದುಕು: ಇವುಗಳ ಬಗ್ಗೆ ನಿಮಗೆ ನಿಜವಾಗಿ ಕೇಳಬೇಕು ಅನ್ನಿಸಿದ್ದು ಏನು?’ ಪ್ರಶ್ನೆ ಇಲ್ಲದವರು ‘ಇಲ್ಲ’ ಅಂತಲೇ ಬರೆಯಲಿ. ಆಗ ಎಲ್ಲರ ಪೆನ್ನೂ ಓಡುತ್ತದೆ, ಯಾರು ಬರೆದರು ಅಂತ ಪಕ್ಕದವರಿಗೆ ತಿಳಿಯುವುದಿಲ್ಲ.

ಚೀಟಿಗಳನ್ನು ಮನೆಗೆ ಒಯ್ದು ಮೂರು ಗುಂಪು ಮಾಡಿ. ಮಾಹಿತಿ ಕೇಳುವವು ಒಂದು ಗುಂಪು: ‘ಪೋಪ್‌ರನ್ನು ಹೇಗೆ ಆರಿಸುತ್ತಾರೆ?’ ಕಾರಣ ಕೇಳುವವು ಇನ್ನೊಂದು: ‘ಪಾಪವನ್ನು ಗುರುಗಳಿಗೆ ಯಾಕೆ ಹೇಳಬೇಕು, ನೇರವಾಗಿ ದೇವರಿಗೆ ಹೇಳಿದರೆ ಸಾಲದಾ?’ ಮೂರನೆಯದು ನೋವಿನಿಂದ ಬಂದವು. ಅವು ನೋಡಲು ಮಾಹಿತಿ ಪ್ರಶ್ನೆಯ ಹಾಗೇ ಇರುತ್ತವೆ. ‘ಆತ್ಮಹತ್ಯೆ ಮಾಡಿಕೊಂಡವರು ನರಕಕ್ಕೆ ಹೋಗುತ್ತಾರಾ?’ ಅಂತ ಒಬ್ಬರು ಬರೆದರೆ, ಉತ್ತರ ಹುಡುಕುವ ಮೊದಲು ಸ್ವಲ್ಪ ನಿಲ್ಲಿ. ಅದರ ಹಿಂದೆ ಮನೆಯದೊಂದು ಸಾವು ಇರಬಹುದು. ಬರೆದವರೇ ಅಪಾಯದಲ್ಲಿರಬಹುದು. ಶಾಲೆಯ ಆಪ್ತಸಮಾಲೋಚಕರಿಗೆ ಆ ದಿನವೇ ತಿಳಿಸಿ. ತರಗತಿಯಲ್ಲಿ ಉತ್ತರಿಸುವಾಗ ಧರ್ಮೋಪದೇಶ ಗ್ರಂಥದ 2283ನೇ ಪರಿಚ್ಛೇದ ನೆನಪಿರಲಿ: ಪ್ರಾಣ ಕಳೆದುಕೊಂಡವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ತನಗೇ ಗೊತ್ತಿರುವ ದಾರಿಗಳಲ್ಲಿ ದೇವರು ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

ಈ ವಯಸ್ಸಿನ ಬಗ್ಗೆ ಇನ್ನೊಂದು ಮಾತು. ಅಮೆರಿಕದ ಸಂಶೋಧಕ ಜೇಮ್ಸ್ ಫೌಲರ್ 1981ರಲ್ಲಿ ವಿಶ್ವಾಸ ಬೆಳೆಯುವ ಹಂತಗಳನ್ನು ವಿವರಿಸಿದರು. ಅವರ ಪ್ರಕಾರ ಹದಿಹರೆಯದ ವಿಶ್ವಾಸ ಹೆಚ್ಚಾಗಿ ಸುತ್ತಲಿನವರದ್ದು. ಮನೆಯವರು, ಗೆಳೆಯರು, ತಾನು ಮೆಚ್ಚುವ ಹಿರಿಯರು ನಂಬಿದ್ದನ್ನೇ ತನ್ನದಾಗಿ ಇಟ್ಟುಕೊಂಡಿರುವುದು. ಅದನ್ನು ಪರೀಕ್ಷಿಸಿ ನಿಜವಾಗಿ ತನ್ನದಾಗಿಸಿಕೊಳ್ಳುವುದು ಆಮೇಲೆ. ಆದ್ದರಿಂದ ತಲೆಯಾಡಿಸುವ ವಿದ್ಯಾರ್ಥಿಯನ್ನು ನೋಡಿ ಜಾಸ್ತಿ ಹಿಗ್ಗಬೇಡಿ, ವಾದಿಸುವವರನ್ನು ನೋಡಿ ಕಂಗೆಡಬೇಡಿ.

ಹಂತ 4: ವರ್ಷದ ಯೋಜನೆ

ಪಠ್ಯಕ್ರಮವನ್ನು ಧರ್ಮಾಧ್ಯಕ್ಷರ (ಬಿಷಪರ) ಕಚೇರಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಶಾಲೆಯ ಧರ್ಮಶಿಕ್ಷಣ ಅವರ ಮೇಲ್ವಿಚಾರಣೆಗೆ ಸೇರಿದ್ದು. ಅದರೊಳಗೆ ನಿಮ್ಮ ಕೈಯಲ್ಲಿರುವುದು ಕ್ರಮ ಮತ್ತು ಒತ್ತು. ಹದಿಮೂರು, ಹದಿನಾಲ್ಕರವರಿಗೆ ಶುಭಸಂದೇಶದ ಯೇಸು ಮತ್ತು ಸಂಸ್ಕಾರಗಳು ಹಿಡಿಸುತ್ತವೆ. ಹದಿನೈದಕ್ಕೆ ಮನಸ್ಸಾಕ್ಷಿ, ಸಂಬಂಧ, ನೀತಿ. ಹದಿನಾರು, ಹದಿನೇಳಕ್ಕೆ ಸಾಮಾಜಿಕ ಬೋಧನೆ, ವಿಜ್ಞಾನ, ಬೇರೆ ಧರ್ಮಗಳು. ಆಗಮನ ಕಾಲ (ಕ್ರಿಸ್ಮಸ್‌ಗೆ ಮೊದಲಿನ ವಾರಗಳು), ತಪಸ್ಸು ಕಾಲ (ಈಸ್ಟರ್‌ಗೆ ಮೊದಲಿನ ವಾರಗಳು), ಪಾಸ್ಕ ಕಾಲದ (ಈಸ್ಟರ್ ನಂತರದ ವಾರಗಳ) ದಿನಾಂಕಗಳನ್ನು ಮೊದಲೇ ಗುರುತು ಹಾಕಿ. ಚೀಟಿಗಳಲ್ಲಿ ಬಂದ ಪ್ರಶ್ನೆಗಳನ್ನು ಆಯಾ ಘಟಕದ ತಲೆಯ ಮೇಲೆ ಬರೆದಿಡಿ. ತಿಂಗಳಿಗೆ ಒಂದು ಪೀರಿಯಡ್ ಖಾಲಿ ಬಿಡಿ, ಅದು ಹೇಗೂ ತುಂಬುತ್ತದೆ.

ಹಂತ 5: ಒಂದು ಪಾಠವನ್ನು ಕಟ್ಟುವುದು ಹೇಗೆ

ಲೂಕನ ಶುಭಸಂದೇಶದ 15ನೇ ಅಧ್ಯಾಯದ ‘ದುಂದುಗಾರ ಮಗ’ನ ಕಥೆ ತೆಗೆದುಕೊಳ್ಳೋಣ. ಎಲ್ಲರಿಗೂ ಗೊತ್ತಿರುವ ಕಥೆ, ಅದೇ ಕಷ್ಟ. ‘ದೇವರು ಕ್ಷಮಿಸುತ್ತಾನೆ’ ಅಂತ ಮೊದಲ ನಿಮಿಷದಲ್ಲೇ ಒಬ್ಬರು ನೀತಿ ಹೇಳಿ ಮುಗಿಸಿಬಿಡುತ್ತಾರೆ. ನಲವತ್ತು ನಿಮಿಷ ಇದೆ ಅಂದುಕೊಳ್ಳಿ.

ಮೊದಲ ಐದು ನಿಮಿಷ ಬೈಬಲ್ ತೆರೆಯಬೇಡಿ. ಒಂದು ಪ್ರಶ್ನೆ ಬರೆಯಿರಿ: ‘ತಪ್ಪು ಮಾಡಿದವರಿಗೆ ಮನೆಯಲ್ಲಿ ಹಬ್ಬ, ತಪ್ಪೇ ಮಾಡದ ನಿಮಗೆ ಏನೂ ಇಲ್ಲ. ನಿಮಗೆ ಹೇಗನಿಸುತ್ತದೆ?’ ಅಣ್ಣ, ತಮ್ಮ, ಅಕ್ಕ, ತಂಗಿ ಇರುವವರೆಲ್ಲ ಬಾಯಿ ಬಿಡುತ್ತಾರೆ. ಆ ಸಿಟ್ಟು ತರಗತಿಯಲ್ಲಿ ಹಾಗೇ ಉಳಿಯಲಿ, ಸಮಾಧಾನ ಮಾಡಲು ಹೋಗಬೇಡಿ.

ಆಮೇಲೆ 11ರಿಂದ 32ನೇ ವಚನದವರೆಗೆ ಓದಿಸಿ, ಆದರೆ ಎರಡು ಕಡೆ ನಿಲ್ಲಿಸಿ. ಮೊದಲ ನಿಲುಗಡೆ 16ನೇ ವಚನ. ಹುಡುಗ ಹಂದಿ ಕಾಯುತ್ತಿದ್ದಾನೆ, ಹಂದಿಗಳ ಮೇವಾದರೂ ಸಿಕ್ಕರೆ ಸಾಕು ಅನ್ನುವ ಸ್ಥಿತಿ. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಹಂದಿ ಅಶುದ್ಧ ಪ್ರಾಣಿ ಎಂದು ಇಲ್ಲಿ ಹೇಳಿ. ಯೇಸುವಿನ ಕೇಳುಗರಿಗೆ ಆ ಚಿತ್ರ ಎಷ್ಟು ಚುಚ್ಚಿರಬೇಕು ಎಂಬುದು ಆಗ ತಿಳಿಯುತ್ತದೆ. ಎರಡನೇ ನಿಲುಗಡೆ 20ನೇ ವಚನ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡು ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಈಗ ಕೇಳಿ: ‘ಮಗ ಅಭ್ಯಾಸ ಮಾಡಿಕೊಂಡು ಬಂದ ಕ್ಷಮೆಯ ಮಾತು ಪೂರ್ತಿ ಆಯಿತಾ?’ 18, 19ನೇ ವಚನಗಳನ್ನು 21ರ ಜೊತೆ ಹೋಲಿಸಲಿ. ‘ನನ್ನನ್ನು ಕೂಲಿಯಾಳಿನ ಹಾಗೆ ಇಟ್ಟುಕೊಳ್ಳಿ’ ಅನ್ನುವ ಕೊನೆಯ ಮಾತು ಬಾಯಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳಿಗೆ ಉಡುಪು ತರಲು ಹೇಳಿಯಾಗಿದೆ. ಇದನ್ನು ನೀವು ಹೇಳಬೇಡಿ. ಯಾರಾದರೂ ಕಂಡುಹಿಡಿಯುತ್ತಾರೆ, ಕಂಡುಹಿಡಿದವರು ಮರೆಯುವುದಿಲ್ಲ.

ನಂತರ ಹಿರಿಯ ಮಗನ ಕಡೆಗೆ ಬನ್ನಿ. ಪಾಠದ ತೂಕ ಇರುವುದು ಇಲ್ಲಿ. 30ನೇ ವಚನದಲ್ಲಿ ಅವನು ತಮ್ಮನನ್ನು ಏನೆಂದು ಕರೆಯುತ್ತಾನೆ? ‘ನಿಮ್ಮ ಈ ಮಗ.’ 32ರಲ್ಲಿ ತಂದೆಯ ಉತ್ತರದಲ್ಲಿ? ‘ನಿನ್ನ ಈ ತಮ್ಮ.’ ಎರಡೂ ಮಾತನ್ನು ಬೋರ್ಡ್ ಮೇಲೆ ಎದುರುಬದುರು ಬರೆದು ಸುಮ್ಮನಿರಿ. ನಿಮಿಷ ಮೌನ ಆದರೂ ಪರವಾಗಿಲ್ಲ. ಆಮೇಲೆ ಅಧ್ಯಾಯದ ಮೊದಲ ಎರಡು ವಚನಕ್ಕೆ ಹಿಂದಿರುಗಿ. ಯೇಸು ಈ ಕಥೆ ಹೇಳಿದ್ದು ಯಾರಿಗೆ? ಪಾಪಿಗಳ ಜೊತೆ ಕೂತು ಉಣ್ಣುತ್ತಾನೆ ಎಂದು ಗೊಣಗುತ್ತಿದ್ದ ಫರಿಸಾಯರಿಗೆ, ಶಾಸ್ತ್ರಿಗಳಿಗೆ. ಹಾಗಾದರೆ ಕಥೆಯೊಳಗೆ ಅವರು ಯಾರು?

ಇನ್ನು ಹತ್ತು ನಿಮಿಷ ಬರವಣಿಗೆ. ಹಿರಿಯ ಮಗ ಒಳಗೆ ಹೋದನೋ ಇಲ್ಲವೋ, ಲೂಕ ಹೇಳುವುದಿಲ್ಲ. ‘ಮುಂದಿನ ಹತ್ತು ಸಾಲು ನೀವು ಬರೆಯಿರಿ.’ ಇದನ್ನು ಕಥೋಲಿಕ ವಿದ್ಯಾರ್ಥಿಯೂ ಬರೆಯಬಹುದು, ಬೇರೆಯವರೂ ಬರೆಯಬಹುದು. ಯಾರೂ ತಮ್ಮ ನಂಬಿಕೆಯನ್ನು ಪಣಕ್ಕಿಡಬೇಕಾಗಿಲ್ಲ.

ಕೊನೆಗೆ ಬೋಧನೆ. ಪಾಪನಿವೇದನೆಯ ಸಂಸ್ಕಾರವನ್ನು ಧರ್ಮಸಭೆ ಈ ಕಥೆಯ ಬೆಳಕಲ್ಲೇ ನೋಡುತ್ತದೆ, ಧರ್ಮೋಪದೇಶ ಗ್ರಂಥದ 1439ನೇ ಪರಿಚ್ಛೇದ ಪೂರ್ತಿ ಇದರ ಬಗ್ಗೆಯೇ ಇದೆ. ಆ ಪರಿಚ್ಛೇದವನ್ನು ಓದಿ. ‘ನೇರವಾಗಿ ದೇವರಿಗೆ ಹೇಳಿದರೆ ಸಾಲದಾ?’ ಅನ್ನುವ ಚೀಟಿ ನೆನಪಿದೆಯಲ್ಲ, ಅದನ್ನು ಈಗ ಹೊರತೆಗೆಯಿರಿ. ಮಗ ದೂರದ ನಾಡಿನಲ್ಲೇ ಕೂತು ಮನಸ್ಸಿನಲ್ಲಿ ಪಶ್ಚಾತ್ತಾಪ ಪಟ್ಟಿದ್ದರೆ ಏನಾಗುತ್ತಿತ್ತು ಅಂತ ಕೇಳಿ. ವಾದ ಅಲ್ಲಿಗೆ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ.

ಬೇರೆ ಪಾಠಗಳಿಗೂ ಅಸ್ಥಿಪಂಜರ ಇದೇ: ಅವರ ಬದುಕಿನ ಒಂದು ಪ್ರಶ್ನೆ, ಮೂಲ ಪಠ್ಯದ ನಿಧಾನ ಓದು, ಅವರ ಕೈಯಿಂದ ಒಂದು ಕೆಲಸ, ಆಮೇಲೆ ಧರ್ಮಸಭೆಯ ಬೋಧನೆ. ಬೋಧನೆಯನ್ನು ಮೊದಲಿಗೆ ತಂದರೆ ಉಳಿದ ಮೂರಕ್ಕೂ ಜೀವ ಇರುವುದಿಲ್ಲ.

ಹಂತ 6: ಕಷ್ಟದ ಪ್ರಶ್ನೆಗಳು

ಪ್ರಶ್ನೆ ಬಂದ ತಕ್ಷಣ ಉತ್ತರಿಸಬೇಡಿ. ‘ನೀನು ಕೇಳುತ್ತಿರುವುದು ಇದೇನಾ?’ ಅಂತ ಅದನ್ನು ಇನ್ನೊಮ್ಮೆ ಹೇಳಿ ನೋಡಿ. ಎಷ್ಟೋ ಸಲ ಕೇಳಿದ್ದು ಒಂದು, ಕೇಳಬೇಕೆಂದಿದ್ದು ಇನ್ನೊಂದು ಆಗಿರುತ್ತದೆ. ಆಮೇಲೆ ಧರ್ಮಸಭೆಯ ಬೋಧನೆಯನ್ನು ತೆಳುವಾಗಿಸದೆ, ಸಿಹಿ ಸವರದೆ ಹೇಳಿ. ಅದರ ಕಾರಣ ಹೇಳಿ. ವಿರೋಧಿಸುವವರ ವಾದದಲ್ಲಿ ಎಲ್ಲಕ್ಕಿಂತ ಬಲವಾದದ್ದನ್ನು ಎತ್ತಿಕೊಳ್ಳಿ, ದುರ್ಬಲವಾದದ್ದನ್ನಲ್ಲ. ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ವಾರ ತರುತ್ತೇನೆ ಅನ್ನಿ, ತನ್ನಿ.

*ವಿಜ್ಞಾನ.* ‘ಬಿಗ್ ಬ್ಯಾಂಗ್ ನಿಜ ಆದರೆ ಆದಿಕಾಂಡ ಸುಳ್ಳಾ?’ ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಪ್ರಬಂಧ ಬರೆದು, 1931ರಲ್ಲಿ ‘ಆದಿಮ ಪರಮಾಣು’ವಿನ ಕಲ್ಪನೆ ಮುಂದಿಟ್ಟ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕಥೋಲಿಕ ಗುರು. ಇದನ್ನು ಕೇಳಿದಾಗ ಮಕ್ಕಳ ಕಣ್ಣು ಅರಳುತ್ತದೆ. ಆದರೆ ಇದನ್ನೇ ದೇವರಿದ್ದಾನೆ ಎಂಬುದಕ್ಕೆ ಪುರಾವೆ ಮಾಡಬೇಡಿ, ಲೆಮೈತ್ರ್ ಅವರಿಗೇ ಅದು ಇಷ್ಟವಿರಲಿಲ್ಲ. ಬೈಬಲ್ ಓದುವಾಗ ಬರಹದ ಪ್ರಕಾರ ಯಾವುದು ಎಂದು ನೋಡಬೇಕು, ಕಾವ್ಯ ಬೇರೆ, ಚರಿತ್ರೆ ಬೇರೆ ಎಂಬುದು ಎರಡನೇ ವ್ಯಾಟಿಕನ್ ಮಹಾಸಭೆಯದೇ ಬೋಧನೆ. ಗೆಲಿಲಿಯೋ ವಿಷಯವನ್ನು ಬಚ್ಚಿಡಬೇಡಿ. 1633ರಲ್ಲಿ ಧರ್ಮಸಭೆಯ ನ್ಯಾಯಾಲಯ ಅವನಿಗೆ ಶಿಕ್ಷೆ ಕೊಟ್ಟಿತು. ಅವನನ್ನು ಖಂಡಿಸಿದ ದೇವಶಾಸ್ತ್ರಜ್ಞರು ಎಡವಿದ್ದರು ಎಂದು ಪೋಪ್ ಎರಡನೇ ಜಾನ್ ಪೌಲ್ 1992ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು.

*ನೋವು.* ಇದಕ್ಕೆ ಚುಟುಕಾದ ಉತ್ತರ ಕೊಡುವವರನ್ನು ಕಂಡರೆ ನನಗೆ ಭಯ. ‘ಎಲ್ಲವೂ ಒಳ್ಳೆಯದಕ್ಕೇ’ ಎಂಬ ಮಾತನ್ನು ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುವ ಯೋಬನ ಗೆಳೆಯರ ಬಾಯಲ್ಲೂ ಇಡಲಾಗದು, ಅವರಾದರೂ ಏಳು ದಿನ ಏನೂ ಮಾತಾಡದೆ ಅವನ ಜೊತೆ ಕೂತಿದ್ದರು. ಯೋಬನ ಕಥೆಯಲ್ಲಿ ದೇವರು ಕಾರಣ ವಿವರಿಸುವುದಿಲ್ಲ. ಆದರೆ ದೂರು ಹೇಳಿದ ಯೋಬ ಸರಿಯಾಗಿ ಮಾತಾಡಿದ, ಉಪದೇಶ ಮಾಡಿದ ಗೆಳೆಯರು ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. 88ನೇ ಕೀರ್ತನೆ ಓದಿಸಿ, ಅದು ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು: ‘ನನ್ನ ದೇವರೇ, ನನ್ನ ದೇವರೇ, ನನ್ನ ಕೈಬಿಟ್ಟಿದ್ದೇಕೆ?’ ದೇವರ ಜೊತೆ ಜಗಳ ಆಡುವುದೂ ಪ್ರಾರ್ಥನೆಯೇ ಅನ್ನುವುದು ಇಲ್ಲಿ ಅವರಿಗೆ ತಿಳಿಯಬೇಕು.

*ಬೇರೆ ಧರ್ಮಗಳು.* 1965ರ ಅಕ್ಟೋಬರ್ 28ರಂದು ಮಹಾಸಭೆ ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಅದೇ ದಿನ ಬೇರೆ ಧರ್ಮಗಳ ಬಗೆಗಿನ ‘ನೋಸ್ತ್ರಾ ಎತಾತೆ’ ಘೋಷಣೆಯೂ ಬಂತು. ಆ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂಬ ಮಾತು ಅದರಲ್ಲಿದೆ. ಕ್ರಿಸ್ತನನ್ನು ಸಾರುವುದನ್ನು ಬಿಡುವುದಿಲ್ಲ ಎಂಬ ಮಾತೂ ಪಕ್ಕದಲ್ಲೇ ಇದೆ. ಎರಡನ್ನೂ ಓದಿಸಿ, ಒಂದನ್ನು ಮಾತ್ರ ಓದಿಸುವುದು ಮೋಸ.

*ಧರ್ಮಸಭೆಯ ಹಗರಣಗಳು.* ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿ ಅವರ ಫೋನಿನಲ್ಲಿದೆ. ‘ಬೇರೆ ಕಡೆಯೂ ಆಗುತ್ತದೆ ಅಲ್ವಾ’ ಅಂತ ನೀವು ಶುರು ಮಾಡಿದರೆ ಆ ವರ್ಷ ಮುಗಿದ ಹಾಗೆ. ಆಗಿದ್ದು ಅಪರಾಧ, ಮುಚ್ಚಿಟ್ಟದ್ದು ಇನ್ನೊಂದು ಅಪರಾಧ. ದೂರು ಬಂದರೆ ಏನು ಮಾಡಬೇಕು ಎಂಬುದಕ್ಕೆ ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಇಡೀ ಧರ್ಮಸಭೆಗೆ ನಿಯಮ ತಂದರು. ಅಷ್ಟು ಹೇಳಿ. ನಿಮ್ಮ ಶಾಲೆಯಲ್ಲಿ ಯಾರಿಗೆ ದೂರು ಕೊಡಬೇಕು ಎಂಬುದನ್ನೂ ಅದೇ ಉಸಿರಲ್ಲಿ ಹೇಳಿ.

ಲೈಂಗಿಕ ನೀತಿಯ ಪಾಠದಲ್ಲಿ ಒಂದೇ ಎಚ್ಚರಿಕೆ: ನೀವು ‘ಅಂಥವರು’ ಅಂತ ಮಾತಾಡುತ್ತಿರುವಾಗ ಅವರಲ್ಲೊಬ್ಬರು ಎದುರಿನ ಬೆಂಚಿನಲ್ಲೇ ಕೂತಿರಬಹುದು. ಬೋಧನೆ ಹೇಳಿ. ಸಲಿಂಗಾಕರ್ಷಣೆ ಇರುವವರನ್ನು ಗೌರವ, ಅನುಕಂಪ, ಸೂಕ್ಷ್ಮತೆಯಿಂದ ಕಾಣಬೇಕು ಎಂಬ ಧರ್ಮೋಪದೇಶ ಗ್ರಂಥದ 2358ನೇ ಪರಿಚ್ಛೇದವನ್ನೂ ಓದಿ. ತರಗತಿಯಲ್ಲಿ ನಗೆ ಎದ್ದರೆ ಅಲ್ಲೇ ತಡೆಯಿರಿ.

ಹಂತ 7: ಪ್ರಾರ್ಥನೆಗೆ ಜಾಗ, ಒತ್ತಾಯಕ್ಕೆ ಬೇಡ

ಪ್ರಾರ್ಥನೆಯನ್ನು ಕಲಿಸಬಹುದು, ಮಾಡಿಸಲು ಆಗುವುದಿಲ್ಲ. ಸಂತ ಇಗ್ನಾಸಿಯವರ ದಿನಾವಲೋಕನ ಈ ವಯಸ್ಸಿಗೆ ಚೆನ್ನಾಗಿ ಹೊಂದುತ್ತದೆ. ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಹಿಂತಿರುಗಿ ನೋಡುವುದು, ಕ್ಷಮೆ, ನಾಳೆಯ ಸಂಕಲ್ಪ: ಐದು ಹೆಜ್ಜೆ, ಐದು ನಿಮಿಷ. ಪ್ರಾರ್ಥಿಸಲು ಇಷ್ಟವಿಲ್ಲದವರು ಸುಮ್ನೆ ತಮ್ಮ ದಿನವನ್ನು ನೆನಪಿಸಿಕೊಳ್ಳಲಿ. ಶಾಲೆಯಲ್ಲಿ ಪಾಪನಿವೇದನೆಗೆ ಅವಕಾಶ ಮಾಡಿದರೆ ಯಾರು ಹೋದರು, ಯಾರು ಹೋಗಲಿಲ್ಲ ಎಂದು ಪಟ್ಟಿ ಇಡಬೇಡಿ, ಕಣ್ಣಲ್ಲೂ ಎಣಿಸಬೇಡಿ.

ಹಂತ 8: ಸಂತರು ಮತ್ತು ಸೇವೆ

ಸಂತರನ್ನು ತರುವಾಗ ಅವರ ಮುಖದ ಪ್ರಭಾವಳಿ ಸ್ವಲ್ಪ ಪಕ್ಕಕ್ಕಿಡಿ. ಸಂತ ಅಗಸ್ಟೀನ್ ಹದಿನಾರರಲ್ಲಿ ಗೆಳೆಯರ ಜೊತೆ ಸೇರಿ ಪಕ್ಕದ ತೋಟದ ಪೇರ್ ಹಣ್ಣು ಕದ್ದರು. ಹಸಿವಿಗಲ್ಲ. ಹಣ್ಣು ಅಷ್ಟೇನೂ ಚೆನ್ನಾಗಿರಲಿಲ್ಲ, ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಗೆಳೆಯರ ಒತ್ತಡದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ? ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದ ಕಾರ್ಲೊ ಅಕುಟಿಸ್ 2006ರಲ್ಲಿ ಹದಿನೈದನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು, 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದರು. ಗುಲಾಮಗಿರಿಯಿಂದ ಬಿಡುಗಡೆಯಾಗಿ ಸನ್ಯಾಸಿನಿಯಾದ ಸುಡಾನಿನ ಜೋಸೆಫೀನ್ ಬಖೀತಾ ಬದುಕು ಹುಡುಗಿಯರನ್ನಷ್ಟೇ ಅಲ್ಲ, ಎಲ್ಲರನ್ನೂ ಹಿಡಿದು ಕೂರಿಸುತ್ತದೆ.

ಸೇವಾ ಕಾರ್ಯಕ್ರಮಕ್ಕೆ ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ದುಡಿಯುವ ಯುವಕರ ನಡುವೆ ಬಳಸಿದ ಕ್ರಮ ಇವತ್ತಿಗೂ ಸವೆದಿಲ್ಲ: ನೋಡು, ಅಳೆ, ಮಾಡು. ಪೋಪ್ ಇಪ್ಪತ್ತಮೂರನೇ ಜಾನ್ 1961ರಲ್ಲಿ ಇದನ್ನು ಇಡೀ ಧರ್ಮಸಭೆಗೆ ಬರೆದ ತಮ್ಮ ವಿಶ್ವಪತ್ರದಲ್ಲೇ ಸೇರಿಸಿದರು. ಶಾಲೆಗಳು ಸಾಮಾನ್ಯವಾಗಿ ನೇರ ಮೂರನೆಯದಕ್ಕೆ ಹಾರುತ್ತವೆ. ವೃದ್ಧಾಶ್ರಮಕ್ಕೆ ಹೋಗಿ, ಫೋಟೊ ತೆಗೆದು ಬರುತ್ತವೆ. ಹಾಗೆ ಮಾಡಬೇಡಿ. ಮೊದಲು ನೋಡಲಿ: ಅಲ್ಲಿರುವವರು ಯಾರು, ಹೇಗೆ ಅಲ್ಲಿಗೆ ಬಂದರು, ಯಾರೂ ಬಂದು ಮಾತಾಡಿಸದ ದಿನ ಹೇಗಿರುತ್ತದೆ? ಆಮೇಲೆ, ಹಸಿದವರಿಗೆ, ರೋಗಿಗಳಿಗೆ ಮಾಡಿದ್ದು ನನಗೇ ಮಾಡಿದ್ದು ಎಂದು ಯೇಸು ಹೇಳುವ ಮತ್ತಾಯನ 25ನೇ ಅಧ್ಯಾಯದ ಪಕ್ಕದಲ್ಲಿಟ್ಟು ಅಳೆಯಲಿ. ಏನು ಮಾಡಬೇಕು ಅಂತ ಅವರೇ ತೀರ್ಮಾನಿಸಲಿ. ಫೋನ್‌ಗಳು ಶಾಲೆಯಲ್ಲೇ ಇರಲಿ.

ಹಂತ 9: ಅಂಕ ಕೊಡುವುದು

ವಿಶ್ವಾಸಕ್ಕೆ ಅಂಕ ಇಲ್ಲ. ತಿಳಿವಳಿಕೆಗೆ, ವಾದಕ್ಕೆ, ಓದಿಗೆ ಇದೆ. ‘ನೀನು ಪ್ರತಿ ಭಾನುವಾರ ಬಲಿಪೂಜೆಗೆ ಯಾಕೆ ಹೋಗಬೇಕು?’ ಎಂಬುದು ಕೆಟ್ಟ ಪ್ರಶ್ನೆ, ಅದು ಸುಳ್ಳು ಬರೆಯಲು ಕಲಿಸುತ್ತದೆ. ‘ಭಾನುವಾರದ ಬಲಿಪೂಜೆಗೆ ಕಥೋಲಿಕರು ಕೊಡುವ ಎರಡು ಕಾರಣ ಬರೆದು, ಅದನ್ನು ಒಪ್ಪದವರ ಒಂದು ವಾದವನ್ನು ಪರಿಶೀಲಿಸಿ’ ಎಂಬುದು ಒಳ್ಳೆಯ ಪ್ರಶ್ನೆ. ನಾಸ್ತಿಕ ವಿದ್ಯಾರ್ಥಿಗೆ ಇದರಲ್ಲಿ ಪೂರ್ತಿ ಅಂಕ ಸಿಗಬಹುದು, ಸಿಗಬೇಕು. ಬಲಿಪೂಜೆಯಲ್ಲಿ ಹಾಡುವ ಹುಡುಗಿ ಓದಿರದಿದ್ದರೆ ಅಂಕ ಕಳೆದುಕೊಳ್ಳುತ್ತಾಳೆ. ಕಂಠಪಾಠ ಬೇಡವೇ ಬೇಡ ಎಂದಲ್ಲ. ದಶಾಜ್ಞೆ, ವಿಶ್ವಾಸ ಪ್ರಮಾಣ, ಭಾಗ್ಯವಚನಗಳು (ಯೇಸು ‘ಧನ್ಯರು’ ಎಂದು ಹೇಳಿದ ಮಾತುಗಳು) ಬಾಯಲ್ಲಿರಲಿ. ಅವಿಲ್ಲದೆ ಚರ್ಚೆ ಗಾಳಿಮಾತಾಗುತ್ತದೆ.

ಡೈರಿ ಬರೆಸುವುದಾದರೆ ಅದಕ್ಕೆ ಅಂಕ ಬೇಡ. ಬರೆದಿದ್ದಾರಾ ಅಂತ ಮಾತ್ರ ನೋಡಿ. ಮಡಚಿಟ್ಟ ಪುಟವನ್ನು ಓದುವುದಿಲ್ಲ ಎಂದು ಮಾತು ಕೊಟ್ಟರೆ ಉಳಿಸಿಕೊಳ್ಳಿ.

ಹಂತ 10: ಗುಟ್ಟು ಮತ್ತು ಸುರಕ್ಷತೆ

ಪಾಪನಿವೇದನೆಯ ಗುಟ್ಟು ಗುರುಗಳಿಗೆ ಸೇರಿದ್ದು. ಶಿಕ್ಷಕರಾಗಿ ನಿಮಗೆ ಅಂಥ ಗುಟ್ಟಿನ ಹಕ್ಕು ಇಲ್ಲ. ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ’ ಅಂದರೆ ಕೊಡಬೇಡಿ. ಹೀಗೆ ಹೇಳಿ: ‘ನಿನಗೆ ಅಥವಾ ಬೇರೆಯವರಿಗೆ ಅಪಾಯ ಇದ್ದರೆ ಸಹಾಯ ಮಾಡಬಲ್ಲವರಿಗೆ ನಾನು ಹೇಳಲೇಬೇಕು. ಯಾರಿಗೆ ಹೇಳುತ್ತೇನೆ ಅಂತ ಮೊದಲು ನಿನಗೇ ತಿಳಿಸುತ್ತೇನೆ.’ ಇದನ್ನು ವರ್ಷದ ಮೊದಲ ವಾರವೇ ಇಡೀ ತರಗತಿಗೆ ಹೇಳಿಡಿ. ಒಬ್ಬೊಬ್ಬರ ಜೊತೆ ಮಾತಾಡುವಾಗ ಬಾಗಿಲು ತೆರೆದಿರಲಿ.

ಹಂತ 11: ಮನೆಯವರ ಜೊತೆ ಮಾತು

ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿ ಎಂದು ಮಹಾಸಭೆಯ ಶಿಕ್ಷಣ ಘೋಷಣೆಯೇ ಹೇಳಿದೆ. ವರ್ಷದ ಆರಂಭದಲ್ಲಿ ಅವರಿಗೊಂದು ಪುಟದ ಪತ್ರ ಕಳಿಸಿ: ಏನು ಕಲಿಸುತ್ತೇವೆ, ಯಾವುದಕ್ಕೆ ಅಂಕ, ಯಾವುದಕ್ಕೆ ಒತ್ತಾಯ ಇಲ್ಲ.

ಆದರೂ ಎರಡು ದೂರು ಬಂದೇ ಬರುತ್ತವೆ. ಒಂದು: ‘ನಿಮ್ಮ ಪಾಠ ಕೇಳಿ ನಮ್ಮ ಮಗ ಮನೆಯಲ್ಲಿ ಪ್ರಶ್ನೆ ಕೇಳುತ್ತಿದ್ದಾನೆ, ಅವನ ವಿಶ್ವಾಸ ಹೋಯಿತು.’ ಇನ್ನೊಂದು: ‘ನೀವು ನಮ್ಮ ಮಗಳನ್ನು ನಿಮ್ಮ ಧರ್ಮಕ್ಕೆ ಎಳೆಯುತ್ತಿದ್ದೀರಿ.’ ಎರಡಕ್ಕೂ ಸಿಟ್ಟಾಗಬೇಡಿ, ಎರಡರ ಹಿಂದೆಯೂ ಮಗುವಿನ ಚಿಂತೆ ಇದೆ. ಪಾಠದ ಯೋಜನೆ, ಪ್ರಶ್ನೆಪತ್ರಿಕೆ, ಮಗುವಿನ ಉತ್ತರಪತ್ರಿಕೆ ಮೂರನ್ನೂ ಮೇಜಿನ ಮೇಲಿಡಿ. ಡೈರಿ ಮಾತ್ರ ತೋರಿಸಬೇಡಿ. ಮೊದಲನೆಯವರಿಗೆ, ಮಗ ಕೇಳಿದ ಪ್ರಶ್ನೆ ಏನು ಎಂದು ವಿಚಾರಿಸಿ, ಅದರ ಬಗ್ಗೆ ಧರ್ಮಸಭೆ ಹೇಳುವುದನ್ನು ಅವರ ಜೊತೆಯೂ ಕೂತು ಓದಿ. ಎಷ್ಟೋ ಮನೆಗಳಲ್ಲಿ ಅದೇ ಪ್ರಶ್ನೆ ಅಪ್ಪನಿಗೂ ಇರುತ್ತದೆ. ಎರಡನೆಯವರನ್ನು ಒಂದು ದಿನ ತರಗತಿಗೆ ಕರೆಯಿರಿ, ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಪಾಠ ಕೇಳಲಿ. ಅವತ್ತಿಗೆಂದು ಬೇರೆ ಪಾಠ ತಯಾರಿ ಮಾಡಬೇಡಿ.